ಜೈಲಿನಿಂದ ತಮ್ಮನ ಫೋನ್ ನಿಂತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನ ಕಡಲ ಬದಿಯ ಊರು. ನನ್ನ ತಮ್ಮ ಏಳು ತಿಂಗಳಿಂದ ಜೈಲಿನಲ್ಲಿದ್ದಾನೆ. ಕೇಸು ಇನ್ನೂ ನಡೆಯುತ್ತಿದೆ. ಮೊದಲು ವಾರಕ್ಕೊಮ್ಮೆಯಾದರೂ ನಮ್ಮ ಮನೆಯವರ ಮೊಬೈಲಿಗೆ ಫೋನ್ ಮಾಡುತ್ತಿದ್ದ. ಒಂದೂವರೆ ತಿಂಗಳ ಹಿಂದೆ ಅವನನ್ನು ಬೇರೆ ಜೈಲಿಗೆ ಕಳಿಸಿದರು. ಅವತ್ತಿನಿಂದ ಒಂದೂ ಫೋನಿಲ್ಲ. ನಮ್ಮ ಮನೆಯವರು ಬೋಟಿಗೆ ಹೋಗುತ್ತಾರೆ, ವಾರಗಟ್ಟಲೆ ಮನೆಯಲ್ಲಿ ಇರುವುದಿಲ್ಲ. ಮೊದಲು ಫೋನ್ ಬರುತ್ತಿದ್ದ ನಂಬರಿಗೆ ನಾನೇ ಮಾಡಿದರೆ ಹೋಗುವುದಿಲ್ಲ. ಆಯಿ ಸರಿಯಾಗಿ ಉಣ್ಣುತ್ತಿಲ್ಲ. ಅವನಿಗೆ ಹೊಡೆದಿದ್ದಾರೆ ಅಂತಲೇ ಅಳುತ್ತಾಳೆ. ಪರಿಚಯದವರೊಬ್ಬರು ದುಡ್ಡು ಕೊಟ್ಟರೆ ಒಳಗೇ ಒಂದು ಮೊಬೈಲ್ ಮುಟ್ಟಿಸುತ್ತೇನೆ ಅಂದಿದ್ದಾರೆ. ಕೊಡಲಾ? ಬೇರೆ ದಾರಿ ಇದೆಯಾ?

ಉತ್ತರ: ತಂಗೀ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ದುಡ್ಡು ಕೊಡಬೇಡಿ. ಜೈಲಿನೊಳಗೆ ಮೊಬೈಲ್ ಸಾಗಿಸುವುದು ಅಪರಾಧ. ಸಿಕ್ಕಿಬಿದ್ದರೆ ನಿಮ್ಮ ತಮ್ಮನ ಮೇಲೆ ಇನ್ನೊಂದು ಕೇಸು, ಕೊಟ್ಟು ಕಳಿಸಿದ ನಿಮ್ಮ ಮೇಲೂ ಕೇಸು. ನಾಳೆ ಜಾಮೀನು ಅರ್ಜಿ ಬಂದಾಗ ಸರ್ಕಾರಿ ವಕೀಲರು ಮೊದಲು ಎತ್ತುವ ಮಾತೇ ಅದು. ಏಳು ತಿಂಗಳು ಕಾದಿದ್ದೀರಿ. ಅದನ್ನು ಒಂದು ಮೊಬೈಲಿಗಾಗಿ ನೀರಿಗೆ ಹಾಕಬೇಡಿ. ಆ ಪರಿಚಯದವರು ಮತ್ತೆ ಬಂದರೆ, ವಕೀಲರು ಬೇಡ ಅಂದರು ಎಂದು ನನ್ನ ಮೇಲೆ ಹಾಕಿ ಕಳಿಸಿಬಿಡಿ.

ಬೇರೆ ದಾರಿ ಇದೆ. ಸರಿಯಾದ ದಾರಿಯೇ ಇದೆ. ನಾನು ಕಾನೂನು ನೆರವಿನ ವಕೀಲನಾಗಿ ಜೈಲಿಗೆ ಹೋಗಿ ಬಂದು ಮಾಡುವವನು. ಈ ಪ್ರಶ್ನೆ ನನಗೆ ಜೈಲಿನ ಒಳಗಿಂದಲೂ ಬರುತ್ತದೆ, ಹೊರಗಿಂದಲೂ ಬರುತ್ತದೆ. ಹೊರಗೆ ತಾಯಿ ಕೇಳುತ್ತಾಳೆ, ಮಗ ಯಾಕೆ ಫೋನ್ ಮಾಡ್ತಿಲ್ಲ? ಒಳಗೆ ಮಗ ಕೇಳುತ್ತಾನೆ, ಮನೆಯವರು ಯಾಕೆ ಫೋನ್ ಎತ್ತುತ್ತಿಲ್ಲ? ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತಿರುತ್ತಾರೆ. ನಡುವೆ ಎಲ್ಲೋ ಒಂದು ಕಡೆ ತಂತಿ ತುಂಡಾಗಿರುತ್ತದೆ, ಅಷ್ಟೇ. ನಾನು ಕಂಡ ಹಾಗೆ, ಹತ್ತರಲ್ಲಿ ಏಳೆಂಟು ಸಲ ಆ ತುಂಡು ಹೊಡೆತದಲ್ಲಿ ಇರುವುದಿಲ್ಲ. ನಂಬರಿನಲ್ಲಿ ಇರುತ್ತದೆ, ಇಲ್ಲಾ ಒಂದು ಕಾಗದದಲ್ಲಿ ಇರುತ್ತದೆ. ಈ ಮಾತನ್ನು ಇವತ್ತೇ ಆಯಿಗೆ ಹೇಳಿ.

ಜೈಲಿನ ಫೋನ್ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಅದು ಏಕಮುಖ. ಒಳಗಿನಿಂದ ಹೊರಗೆ ಮಾಡಬಹುದು, ಹೊರಗಿನಿಂದ ಒಳಗೆ ಆಗುವುದಿಲ್ಲ. ಹಾಗಾಗಿ ನೀವು ತಿರುಗಿ ಮಾಡಿದ ಫೋನ್ ಹೋಗದೇ ಇದ್ದುದರಲ್ಲಿ ವಿಶೇಷ ಏನೂ ಇಲ್ಲ. ಕೈದಿ ತನಗೆ ಬೇಕಾದ ಕೆಲವೇ ನಂಬರುಗಳನ್ನು ಬರೆದುಕೊಡುತ್ತಾನೆ. ಮನೆಯವರದ್ದು, ವಕೀಲರದ್ದು. ಆ ನಂಬರು ಯಾರದ್ದು, ಅವರಿಗೂ ಇವನಿಗೂ ಏನು ಸಂಬಂಧ ಅಂತ ನೋಡಿ ಒಪ್ಪಿಗೆ ಕೊಡುತ್ತಾರೆ. ಒಪ್ಪಿಗೆಯಾದ ನಂಬರಿಗೆ ಬಿಟ್ಟು ಬೇರೆಲ್ಲಿಗೂ ಅವನು ಫೋನ್ ಮಾಡುವ ಹಾಗಿಲ್ಲ. ಮಾತಿಗೆ ಇಷ್ಟೇ ನಿಮಿಷ ಅಂತ ಇರುತ್ತದೆ. ಮಾತು ರೆಕಾರ್ಡ್ ಆಗುತ್ತದೆ. ಕರೆಯ ಖರ್ಚು ಸಾಮಾನ್ಯವಾಗಿ ಅವನ ಹೆಸರಿನಲ್ಲಿ ಜೈಲಿನಲ್ಲಿರುವ ಹಣದಿಂದ ಹೋಗುತ್ತದೆ. ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ ಅನ್ನುವುದು ಜೈಲಿನಿಂದ ಜೈಲಿಗೆ ಬೇರೆ ಬೇರೆ. ಅದನ್ನು ಗೇಟಿನಲ್ಲೇ ಕೇಳಿ ತಿಳಿದುಕೊಳ್ಳಬೇಕು.

ಈಗ ನಿಮ್ಮ ವಿಷಯ. ನಿಮ್ಮ ಪತ್ರದಲ್ಲಿ ಎರಡು ಮಾತಿನ ಕೆಳಗೆ ನಾನು ಗೆರೆ ಎಳೆದೆ. ಒಂದು, ಬೇರೆ ಜೈಲಿಗೆ ಕಳಿಸಿದ್ದು. ಎರಡು, ನಂಬರ್ ಬೋಟಿಗೆ ಹೋಗುವವರದ್ದು.

ನಮ್ಮ ಜಿಲ್ಲೆಯಲ್ಲಿ ಕಾರವಾರದ ಜಿಲ್ಲಾ ಕಾರಾಗೃಹ ಇದೆ. ಕೇಂದ್ರ ಕಾರಾಗೃಹ ನಮ್ಮಲ್ಲಿಲ್ಲ. ಹತ್ತಿರದವು ಅಂದರೆ ಧಾರವಾಡ, ಬೆಳಗಾವಿಯ ಹಿಂಡಲಗಾ, ಆ ಕಡೆ ಶಿವಮೊಗ್ಗ. ಜಾಗ ಸಾಲದೇ, ಭದ್ರತೆಗೆ, ಆರೋಗ್ಯದ ಕಾರಣಕ್ಕೆ, ಹೀಗೆ ಏನಾದರೊಂದು ಕಾರಣಕ್ಕೆ ಘಟ್ಟದ ಮೇಲೆ ಕಳಿಸುವುದುಂಟು. ಹಾಗೆ ಹೋದಾಗ ಕೈದಿಯ ಜೊತೆ ಅವನ ಕೇಸಿನ ಕಾಗದ ಹೋಗುತ್ತದೆ. ಆದರೆ ಹಳೆಯ ಜೈಲಿನಲ್ಲಿ ಒಪ್ಪಿಗೆಯಾಗಿದ್ದ ಫೋನ್ ನಂಬರಿನ ಪಟ್ಟಿ ಹೊಸ ಜೈಲಿನಲ್ಲಿ ತಾನಾಗಿ ಚಾಲೂ ಆಗುತ್ತದೆ ಅಂತ ನಂಬಿ ಕೂರಬೇಡಿ. ಅಲ್ಲಿ ಅವನು ಹೊಸದಾಗಿ ಬರೆದುಕೊಡಬೇಕಾಗಬಹುದು. ಮತ್ತೆ ಪರಿಶೀಲನೆ, ಮತ್ತೆ ಒಪ್ಪಿಗೆ. ಅವನಿಗೆ ನಿಮ್ಮ ನಂಬರ್ ಬಾಯಿಪಾಠ ಇದೆಯಾ? ಈಗ ಯಾರಿಗೂ ಯಾರ ನಂಬರೂ ನೆನಪಿರುವುದಿಲ್ಲ, ಅಲ್ವಾ? ಚೀಟಿ ಕಳೆದುಹೋಗಿದ್ದರೆ ಅವನು ಬರೆದುಕೊಡುವುದಾದರೂ ಏನನ್ನು? ಒಂದೂವರೆ ತಿಂಗಳ ಮೌನಕ್ಕೆ ಈ ಒಂದು ಕಾರಣ ಸಾಕು.

ಎರಡನೆಯದು ಬೋಟು. ದಡದಿಂದ ಒಳಗೆ ಹೋಗುತ್ತಿದ್ದ ಹಾಗೆ ಮೊಬೈಲ್ ಸಿಗ್ನಲ್ ಹೋಗಿಬಿಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇದ್ದಾಗ ನಿಮ್ಮ ಮನೆಯವರು ದಡದಲ್ಲಿ ಇರುತ್ತಾರೆ. ಉಳಿದ ಹತ್ತು ತಿಂಗಳು ತಮ್ಮ ಮಾಡುವ ಫೋನು ನೀರಿನ ಮೇಲೆ ಹೋಗುತ್ತದೆ. ಅವನಿಗೆ ಫೋನಿನ ಸರದಿ ಬರುವುದೇ ಅಪರೂಪಕ್ಕೆ. ಆ ಸರದಿಯಲ್ಲಿ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಎರಡು ಸಲ ಕೇಳಿದರೆ ಯಾರಿಗಾದರೂ ಮನಸ್ಸು ಮುರಿಯುತ್ತದೆ. ಮನೆಯವರ ನಂಬರ್ ಇರಲಿ. ಆದರೆ ಮೊದಲನೆಯದು ನಿಮ್ಮದೋ ಆಯಿಯದೋ ಆಗಿರಲಿ. ಯಾವಾಗಲೂ ದಡದಲ್ಲೇ ಇರುವ ಫೋನ್ ಬೇಕು.

ಆಯಿಯ ಫೋನ್ ಅಂದೆ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಯಲ್ಲಾಪುರ ಕಡೆಯ ಒಬ್ಬ ಅಜ್ಜಿ ನನ್ನ ಹತ್ತಿರ ಬಂದಿದ್ದರು. ಮಗ ಎರಡು ತಿಂಗಳಿಂದ ಫೋನ್ ಮಾಡಿಲ್ಲ, ಒಳಗೆ ಏನೋ ಆಗಿದೆ ಎಂದು. ಕೂತಲ್ಲಿ ಕೂರಲಾಗದೆ ಕೈ ನಡುಗುತ್ತಿತ್ತು. ನಾನು, ಫೋನ್ ಎಲ್ಲಿದೆ ತೋರಿಸಿ ಅಂದೆ. ಕವಳದ ಸಂಚಿ ಬಿಚ್ಚಿದರು. ಎಲೆ, ಅಡಿಕೆ ಹೋಳು, ಸುಣ್ಣದ ಡಬ್ಬಿಯ ನಡುವೆ ಒಂದು ಕೀಪ್ಯಾಡ್ ಫೋನ್. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಚಾರ್ಜ್ ಪೂರ್ತಿ ಇತ್ತು. ದಿನಾ ಚಾರ್ಜ್ ಮಾಡುತ್ತಿದ್ದರು, ಮಗ ಮಾಡಿದರೆ ಅಂತ. ನಾನು ನನ್ನ ಮೊಬೈಲಿನಿಂದ ಆ ನಂಬರಿಗೆ ಹಾಕಿದೆ. ಅವರ ಕೈಯಲ್ಲಿದ್ದ ಫೋನ್ ಸುಮ್ಮನೆ ಕೂತಿತ್ತು. ನನ್ನ ಕಿವಿಯಲ್ಲಿ, ಈ ನಂಬರಿಗೆ ಕರೆ ಹೋಗುವುದಿಲ್ಲ ಎಂದು ರೆಕಾರ್ಡ್ ದನಿ. ರೀಚಾರ್ಜ್ ಮುಗಿದು ಎಷ್ಟೋ ದಿನ ಆಗಿತ್ತು. ಹೊರಹೋಗುವ ಕರೆ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ಒಳಬರುವ ಕರೆಯೂ ನಿಲ್ಲುತ್ತದೆ ಎಂದು ಗೊತ್ತಿರಲಿಲ್ಲ. ಅಂಗಡಿಗೆ ಹೋಗಿ ರೀಚಾರ್ಜ್ ಮಾಡಿಸಿದೆವು, ಎರಡು ನಿಮಿಷದ ಕೆಲಸ. ಮುಂದಿನ ವಾರ ಮಗನ ಫೋನ್ ಬಂತು. ಅವನು ಅಷ್ಟೂ ದಿನ ಮಾಡುತ್ತಲೇ ಇದ್ದ.

ಆದ್ದರಿಂದ ಇವತ್ತು ಸಂಜೆಯೇ ಇದನ್ನು ಮಾಡಿ. ಜೈಲಿಗೆ ಕೊಟ್ಟಿರುವ ಪ್ರತಿ ನಂಬರಿಗೂ ಬೇರೆ ಫೋನಿನಿಂದ ಕರೆ ಹಾಕಿ ನೋಡಿ. ರಿಂಗ್ ಆಗಬೇಕು. ಸುಮ್ನೆ ‘ಚಾಲೂ ಇದೆ’ ಅಂದರೆ ಸಾಲದು, ರಿಂಗ್ ಆಗಿದ್ದು ಕಿವಿಗೆ ಕೇಳಬೇಕು. ಹಿಂದಿನ ಹಾಗೆ ಒಂದು ಸಲ ದುಡ್ಡು ಹಾಕಿ ಜೀವನಪೂರ್ತಿ ಒಳಬರುವ ಕರೆ ಪಡೆಯುವ ಕಾಲ ಹೋಯಿತು. ಪ್ಯಾಕ್ ಮುಗಿದು ಕೆಲವು ದಿನಕ್ಕೆ ಒಳಬರುವುದೂ ಬಂದ್. ಬಹಳ ದಿನ ಹಾಗೇ ಬಿಟ್ಟರೆ ನಂಬರೇ ರದ್ದಾಗುತ್ತದೆ. ರದ್ದಾದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆ ಯಾರಿಗಾದರೂ ಕೊಡಬಹುದು. ಆಮೇಲೆ ನಿಮ್ಮ ತಮ್ಮ ಮಾಡಿದ ಫೋನನ್ನು ಇನ್ಯಾವುದೋ ಊರಿನ ಇನ್ಯಾರೋ ಎತ್ತುತ್ತಾರೆ.

ದೊಡ್ಡ ಫೋನ್ ಇದ್ದರೆ ಇನ್ನೂ ಎರಡು ಜಾಗ ನೋಡಬೇಕು. ಗುರುತಿಲ್ಲದ ನಂಬರನ್ನು ತಾನಾಗಿ ಕತ್ತರಿಸುವ ಆ್ಯಪ್ ಹಾಕಿದ್ದೀರಾ? ‘ಅಪರಿಚಿತ ಕರೆಗಳನ್ನು ಮೌನಗೊಳಿಸು’ ಅನ್ನುವ ಸೆಟ್ಟಿಂಗ್ ಆನ್ ಇದೆಯಾ? ಈಗ ಮೋಸದ ಕರೆ ಜಾಸ್ತಿ ಆಗಿರುವುದರಿಂದ ಮಕ್ಕಳು ದೊಡ್ಡವರ ಫೋನಿನಲ್ಲಿ ಇದನ್ನೆಲ್ಲ ಹಾಕಿಕೊಟ್ಟಿರುತ್ತಾರೆ. ಒಳ್ಳೆಯದಕ್ಕೇ ಹಾಕಿರುತ್ತಾರೆ. ಆದರೆ ಹೊಸ ಜೈಲಿನ ನಂಬರು ನಿಮ್ಮ ಫೋನಿಗೆ ಅಪರಿಚಿತವೇ. ಬ್ಲಾಕ್ ಪಟ್ಟಿಯನ್ನೂ ತೆರೆದು ನೋಡಿ. ಅಲ್ಲಿ ಗುರುತಿಲ್ಲದ ಲ್ಯಾಂಡ್‌ಲೈನ್ ನಂಬರ್ ಇದ್ದರೆ ತೆಗೆದುಬಿಡಿ. ಮೊದಲ ಫೋನ್ ಬಂದ ತಕ್ಷಣ ಆ ನಂಬರನ್ನು ತಮ್ಮನ ಹೆಸರಿನಲ್ಲಿ ಸೇವ್ ಮಾಡಿ.

ಸಿಗ್ನಲ್ಲಿನ ಕಥೆ ನಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಜೋಯಿಡಾ, ಸಿದ್ದಾಪುರ, ಶಿರಸಿಯ ಒಳಗಿನ ಊರುಗಳಲ್ಲಿ ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ ಒಂದು ಇರುತ್ತದೆ. ಜಗಲಿಯ ಕಂಬಕ್ಕೆ ಚೀಲ ಕಟ್ಟಿ ಫೋನ್ ಅಲ್ಲೇ ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಯಿತು. ಇಂಥ ಮನೆಯವರು ಪೇಟೆಯಲ್ಲಿರುವ ಹತ್ತಿರದ ಸಂಬಂಧಿಕರ ನಂಬರನ್ನೂ ಪಟ್ಟಿಗೆ ಸೇರಿಸುವುದು ಒಳ್ಳೆಯದು. ಮನೆಯಲ್ಲಿ ವೈಫೈ ಇದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಸಿ, ಟವರ್ ಸಿಗದಿದ್ದರೂ ಮಾಮೂಲಿ ಕರೆ ಬರುತ್ತದೆ. ನಿಮ್ಮ ಊರು ಕಡಲ ಬದಿಯದು. ಆದರೂ ಫೋನ್ ಅಡುಗೆಮನೆಯ ಒಳಗೆ ಇಟ್ಟಾಗ ಕರೆ ಬರುತ್ತದೋ ಇಲ್ಲವೋ ಒಮ್ಮೆ ನೋಡಿ.

ಇಷ್ಟು ನಿಮ್ಮ ಕಡೆಯದು. ಈಗ ಅವನ ಕಡೆ.

ಅವನು ಈಗ ಯಾವ ಜೈಲಿನಲ್ಲಿದ್ದಾನೆ ಎಂದು ಖಚಿತ ಮಾಡಿಕೊಳ್ಳಿ. ಕಳಿಸಿದ ಮೇಲೆ ಮತ್ತೊಮ್ಮೆ ಕಳಿಸಿರಬಹುದು. ಆಸ್ಪತ್ರೆಗೆ ಸೇರಿಸಿರಬಹುದು. ವಕೀಲರ ಹತ್ತಿರ ಕೇಸಿನ ಸಿ.ಎನ್.ಆರ್. ನಂಬರ್ ಕೇಳಿ, ಅದು ಪ್ರತಿ ಕೇಸಿಗೂ ಕೋರ್ಟಿನಲ್ಲಿ ಕೊಡುವ ಗುರುತಿನ ಸಂಖ್ಯೆ. ಅದರಲ್ಲಿ ಅಕ್ಷರ ಅಂಕಿ ಸೇರಿ 16 ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ತೋರಿಸುತ್ತದೆ, ದುಡ್ಡು ಬೇಡ. ಆ ತಾರೀಖು ನಿಮಗೆ ಬಹಳ ಮುಖ್ಯ. ಅವತ್ತು ಅವನನ್ನು ಕೋರ್ಟಿಗೆ ಕರೆತರುತ್ತಾರೆ, ಇಲ್ಲಾ ವಿಡಿಯೋದಲ್ಲಿ ಹಾಜರುಪಡಿಸುತ್ತಾರೆ. ನೀವು ಕೋರ್ಟಿನಲ್ಲಿ ಇರಿ. ಕರೆತಂದರೆ ಕಣ್ಣಿನಲ್ಲಿ ನೋಡಬಹುದು. ವಿಡಿಯೋ ಆದರೆ ಪರದೆಯ ಮೇಲೆ ನೋಡುವ ಅವಕಾಶ ಸಿಗಬಹುದು. ಮನೆಯವರ ಜೊತೆ ಫೋನ್ ಸಂಪರ್ಕ ಕಡಿದಿದೆ ಎಂದು ವಕೀಲರು ಅವತ್ತೇ ನ್ಯಾಯಾಧೀಶರ ಮುಂದೆ ಒಂದು ಚಿಕ್ಕ ಮೆಮೋ ಕೊಡಬಹುದು. ಅವನನ್ನು ನ್ಯಾಯಾಂಗ ಬಂಧನಕ್ಕೆ ಕಳಿಸಿದ್ದೇ ಕೋರ್ಟ್. ಅಲ್ಲಿ ಹೇಳಿದ ಮಾತಿಗೆ ತೂಕ ಇದೆ.

ಆಮೇಲೆ ಜೈಲಿಗೆ ಅರ್ಜಿ. ಬಾಯಿಮಾತಿನಲ್ಲಿ ಕೇಳಿ ಬಂದರೆ ಗೇಟಿನಲ್ಲಿ ಇದ್ದವರು ಬದಲಾದ ಮೇಲೆ ಆ ಮಾತೂ ಹೋಗುತ್ತದೆ. ಬರೆದುಕೊಡಿ. ಉದ್ದ ಬೇಡ, ಹೀಗೆ ಬರೆದರೆ ಸಾಕು:

‘ಕಾರಾಗೃಹದ ಅಧೀಕ್ಷಕರಿಗೆ. ನನ್ನ ತಮ್ಮ (ಹೆಸರು, ತಂದೆಯ ಹೆಸರು, ವಿಚಾರಣಾಧೀನ ಕೈದಿ ಸಂಖ್ಯೆ, ಕೇಸ್ ನಂಬರ್) ತಮ್ಮ ಕಾರಾಗೃಹದಲ್ಲಿ ಇದ್ದಾನೆ. ಇಂಥ ತಾರೀಖಿನಂದು ಇಂಥ ಕಾರಾಗೃಹದಿಂದ ವರ್ಗವಾಗಿ ಬಂದಿದ್ದಾನೆ. ಅಂದಿನಿಂದ ಮನೆಗೆ ಕರೆ ಬಂದಿಲ್ಲ. ತಾಯಿಗೆ ವಯಸ್ಸಾಗಿದ್ದು ಚಿಂತೆಯಲ್ಲಿದ್ದಾರೆ. ಕೆಳಗಿನ ಎರಡು ನಂಬರುಗಳನ್ನು ಅವನ ದೂರವಾಣಿ ಪಟ್ಟಿಗೆ ಸೇರಿಸಬೇಕೆಂದು ಕೋರುತ್ತೇನೆ. ಕರೆ ಮಾಡಲು ಏನಾದರೂ ನಿರ್ಬಂಧ ಇದ್ದರೆ ಅದರ ಕಾರಣವನ್ನೂ ಅವಧಿಯನ್ನೂ ಬರವಣಿಗೆಯಲ್ಲಿ ತಿಳಿಸಬೇಕು. ಅವನ ಆರೋಗ್ಯದ ಬಗ್ಗೆಯೂ ತಿಳಿಸಬೇಕು.’

ಜೊತೆಗೆ ನಿಮ್ಮ ಆಧಾರ್ ಜೆರಾಕ್ಸ್, ಅವನಿಗೂ ನಿಮಗೂ ಇರುವ ಸಂಬಂಧ ತೋರಿಸುವ ರೇಷನ್ ಕಾರ್ಡ್ ಜೆರಾಕ್ಸ್ ಇಡಿ. ಸಿಮ್ ಯಾರ ಹೆಸರಿನಲ್ಲಿದೆ ಎಂದು ಕೇಳುವುದುಂಟು. ಆಯಿಯ ಕೈಯಲ್ಲಿರುವ ಸಿಮ್ ಯಾರೋ ಅಂಗಡಿಯವನ ಹೆಸರಿನಲ್ಲೋ ಹಳೆ ಪರಿಚಯದವರ ಹೆಸರಿನಲ್ಲೋ ಇದ್ದರೆ ತೊಂದರೆ. ಅಂಥದ್ದಾದರೆ ಮೊದಲು ಅವಳ ಹೆಸರಿನಲ್ಲೇ ಒಂದು ಸಿಮ್ ಮಾಡಿಸಿ, ಆ ನಂಬರನ್ನು ಕೊಡಿ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಸಹಿ ತೆಗೆದುಕೊಳ್ಳಿ. ಹೋಗಲಾಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಕುಮಟಾದಿಂದ ಘಟ್ಟ ಹತ್ತಿ ಹೋಗಿ ಬರುವುದು ಒಂದು ದಿನದ ಕೆಲಸ, ಒಂದು ದಿನದ ಕೂಲಿ. ಮಳೆಗಾಲದಲ್ಲಿ ಘಟ್ಟ ಯಾವಾಗ ಬಂದ್ ಆಗುತ್ತದೆ ಎಂದು ಹೇಳುವ ಹಾಗೂ ಇಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತುಹೋಗಿದ್ದು ನಿಮಗೆ ನೆನಪಿದೆ. ನಮ್ಮ ಕಡೆಯವರಿಗೆ ಜೈಲಿನ ಫೋನ್ ಎಷ್ಟು ಮುಖ್ಯ ಅಂತ ಘಟ್ಟದ ಆ ಬದಿಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅರ್ಜಿಯಲ್ಲಿ ಈ ದೂರವನ್ನೂ ಒಂದು ಸಾಲು ಬರೆಯಿರಿ.

ದೂರದ ಇನ್ನೊಂದು ಪರಿಹಾರ ಇ-ಮುಲಾಕಾತ್. ಕೇಂದ್ರ ಸರ್ಕಾರದ ಇ-ಪ್ರಿಸನ್ಸ್ ಜಾಲತಾಣದಲ್ಲಿ ಕೈದಿಯ ಹೆಸರು, ಜೈಲು, ನಿಮ್ಮ ಗುರುತಿನ ಚೀಟಿಯ ವಿವರ ತುಂಬಿ ಕೇಳಿಕೊಂಡರೆ, ಜೈಲಿನವರು ಒಪ್ಪಿದ ದಿನ ವಿಡಿಯೋದಲ್ಲಿ ಮುಖ ನೋಡಿ ಮಾತಾಡಬಹುದು. ಖುದ್ದಾಗಿ ಭೇಟಿಗೆ ಹೋಗುವುದಿದ್ದರೂ ಅಲ್ಲೇ ದಿನ ಕೇಳಬಹುದು. ತುಂಬುವಾಗ ಹೆಸರಿನ ಕಾಗುಣಿತ ಜೈಲಿನ ದಾಖಲೆಯಲ್ಲಿ ಇರುವ ಹಾಗೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಹಾಕಿದರೆ ಸಿಗುವುದಿಲ್ಲ. ನಿಮಗೆ ಇದು ಕಷ್ಟವಾದರೆ ಕಾಲೇಜಿಗೆ ಹೋಗುವ ಪಕ್ಕದ ಮನೆಯ ಹುಡುಗಿಯೊಬ್ಬಳು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾಳೆ. ನಾಚಿಕೊಳ್ಳಬೇಡಿ. ಇದು ಬೇರೆ ರಾಜ್ಯದ ಜೈಲುಗಳಿಗೂ ಇದೆ. ನಮ್ಮ ಕಾರವಾರ, ಅಂಕೋಲಾ ಕಡೆಯ ಎಷ್ಟೋ ಹುಡುಗರು ಗೋವಾದಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಕೋಲ್ವಾಳದ ಜೈಲಿನಲ್ಲಿ ಇರುವವರ ಮನೆಯವರೂ ಇದನ್ನೇ ಮಾಡಬಹುದು.

ಅವನ ಹೆಸರಿನಲ್ಲಿ ಹಣ ಇದೆಯಾ ಎಂದು ಕೇಳಿ. ಹೊಸ ಜೈಲಿಗೆ ಹಣ ವರ್ಗವಾಗಲು ತಡವಾಗಿದ್ದರೆ ಫೋನಿಗೆ ಕೊಡಲು ಕಾಸಿರುವುದಿಲ್ಲ. ಸ್ವಲ್ಪ ಹಣವನ್ನು ಜೈಲಿನವರು ಹೇಳಿದ ರೀತಿಯಲ್ಲೇ ಕಟ್ಟಿ, ರಸೀದಿ ಪಡೆಯಿರಿ. ಯಾರದೋ ಫೋನ್ ಪೇ ನಂಬರಿಗೆ ಹಾಕಬೇಡಿ. ಇನ್ನೊಂದು ಎಚ್ಚರಿಕೆ. ‘ನಿಮ್ಮ ತಮ್ಮ ಜೈಲ್ ಆಸ್ಪತ್ರೆಯಲ್ಲಿದ್ದಾನೆ, ತಕ್ಷಣ ಇಷ್ಟು ಹಾಕಿ’ ಎಂದು ಯಾರಾದರೂ ಫೋನ್ ಮಾಡಿದರೆ ಒಂದು ಪೈಸೆಯನ್ನೂ ಕಳಿಸಬೇಡಿ. ವಕೀಲರಿಗೆ ಹೇಳಿ. ಚಿಂತೆಯಲ್ಲಿರುವ ಮನೆಗಳನ್ನೇ ಹುಡುಕುವವರು ಇದ್ದಾರೆ.

ಅರ್ಜಿ ಕೊಟ್ಟು ಹತ್ತು ದಿನವಾದರೂ ಏನೂ ಆಗದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜಿಲ್ಲೆಯದು ಕಾರವಾರದಲ್ಲಿದೆ, ತಾಲೂಕಿನ ಸಮಿತಿ ನಿಮ್ಮ ಕುಮಟಾದ ಕೋರ್ಟಿನಲ್ಲೇ ಇದೆ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ಅಲ್ಲಿಂದ ಹೋದ ಪತ್ರಕ್ಕೆ ಜೈಲಿನಲ್ಲಿ ಉತ್ತರ ಬೇಗ ಬರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿ ಇರುವವರಿಗೆ ಪುಕ್ಕಟೆ ಕಾನೂನು ನೆರವು ಸಿಗುತ್ತದೆ. ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಹೆಣ್ಣುಮಕ್ಕಳಿಗೂ ಹಾಗೇ. ಅಂದರೆ ಅವನಿಗೂ ಇದೆ, ನಿಮಗೂ ಇದೆ, ಆಯಿಗೂ ಇದೆ. ಬಸ್ಸಿಗೆ ಕಾಸಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಅವನು ಇರುವ ಜಿಲ್ಲೆಯ ಪ್ರಾಧಿಕಾರದ ವಕೀಲರು ಜೈಲಿಗೆ ಹೋಗುತ್ತಿರುತ್ತಾರೆ. ಅವರೊಬ್ಬರು ಒಳಗೆ ಹೋಗಿ ಅವನನ್ನು ನೋಡಿ ಬಂದು, ಚೆನ್ನಾಗಿದ್ದಾನೆ ಎಂದು ನಿಮಗೆ ಹೇಳಿದರೆ ಅವತ್ತು ಆಯಿ ಉಣ್ಣುತ್ತಾಳೆ.

ಹೋದಾಗ ಇದನ್ನೂ ಕೇಳಿಬಿಡಿ. ಹಳೆಯ ಸಿ.ಆರ್.ಪಿ.ಸಿ. ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಅವನಿಗೆ ಅನ್ವಯಿಸುತ್ತದಾ ಎಂದು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನು, ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು ಎಂದಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇಲ್ಲ, ಹಲವು ಕೇಸು ಇದ್ದರೂ ಇಲ್ಲ. ಅವನ ಕೇಸು ಏನು ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಅಲ್ಲಿಯ ವಕೀಲರು ಲೆಕ್ಕ ಹಾಕಿ ಹೇಳುತ್ತಾರೆ.

ಇದನ್ನೆಲ್ಲ ಕೇಳುವಾಗ ಭಿಕ್ಷೆ ಬೇಡಿದ ಹಾಗೆ ನಿಲ್ಲಬೇಡಿ. ಮನೆಯವರ ಜೊತೆ ಮಾತಾಡುವುದು ಜೈಲಿನವರ ದಯೆ ಅಲ್ಲ. 1981ರಲ್ಲಿ ಸುಪ್ರೀಂ ಕೋರ್ಟ್ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಎಂಬ ಹೆಂಗಸಿನ ಕೇಸಿನಲ್ಲಿ ತೀರ್ಪು ಕೊಟ್ಟಿತು. ಅವರು ದೆಹಲಿಯ ತಿಹಾರ್ ಜೈಲಿನಲ್ಲಿದ್ದರು. ಐದು ವರ್ಷದ ಮಗಳು ಹೊರಗೆ, ಅವಳನ್ನು ಇವರ ಅಕ್ಕತಂಗಿಯೊಬ್ಬರು ಸಾಕುತ್ತಿದ್ದರು. ಆ ಮಗುವನ್ನು ತಿಂಗಳಿಗೆ ಒಂದೇ ಸಲ ನೋಡಬೇಕು ಎಂದು ನಿಯಮ ಇತ್ತು. ಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. ಮನೆಯವರನ್ನು ನೋಡುವುದು, ಮಾತಾಡುವುದು ಸಂವಿಧಾನದ 21ನೇ ವಿಧಿ ಹೇಳುವ ಬದುಕುವ ಹಕ್ಕಿನ ಒಳಗೇ ಬರುತ್ತದೆ ಎಂದಿತು. ನಾನು ಆ ತೀರ್ಪನ್ನು ಓದುವಾಗಲೆಲ್ಲ ನನಗೆ ಆ ಐದು ವರ್ಷದ ಹುಡುಗಿಯೇ ಕಣ್ಣ ಮುಂದೆ ಬರುತ್ತಾಳೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳೂ ಇದನ್ನೇ ಹೇಳುತ್ತವೆ. ಶಿಸ್ತಿನ ಶಿಕ್ಷೆ ಎಂದು ಮನೆಯವರ ಸಂಪರ್ಕವನ್ನೇ ಪೂರ್ತಿ ಕಡಿಯಬಾರದು, ಭದ್ರತೆಗೆ ಬೇಕಿದ್ದರೆ ಸ್ವಲ್ಪ ಕಾಲ ಮಿತಿ ಹಾಕಬಹುದು ಅಷ್ಟೇ ಎಂದು. ಅರ್ಜಿಯಲ್ಲಿ ಕಾರಣವನ್ನೂ ಅವಧಿಯನ್ನೂ ಕೇಳಿ ಎಂದು ನಾನು ಬರೆಸಿದ್ದು ಇದಕ್ಕೇ.

ಹೊಡೆದಿದ್ದಾರೆ ಎಂದು ನಿಮಗೆ ನಿಜವಾಗಿ ಅನುಮಾನ ಬರುವ ಹಾಗೆ ಏನಾದರೂ ಗೊತ್ತಾದರೆ, ಜೊತೆಯವರು ಯಾರಾದರೂ ಹೊರಬಂದು ಹೇಳಿದರೆ, ಆಗ ಹತ್ತು ದಿನ ಕಾಯಬೇಡಿ. ಅವತ್ತೇ ವಕೀಲರ ಮೂಲಕ ಕೋರ್ಟಿಗೆ ತಿಳಿಸಿ, ವೈದ್ಯಕೀಯ ತಪಾಸಣೆ ಕೇಳಿ. ಮಾಹಿತಿ ಹಕ್ಕಿನಲ್ಲಿ ಜೀವ ಮತ್ತು ಸ್ವಾತಂತ್ರ್ಯದ ವಿಷಯಕ್ಕೆ 48 ಗಂಟೆಯೊಳಗೆ ಉತ್ತರ ಕೊಡಬೇಕು ಎಂದಿದೆ. ಅದನ್ನೂ ಹಾಕಬಹುದು. ಕೊನೆಗೆ ಧಾರವಾಡದ ಹೈಕೋರ್ಟ್ ಪೀಠ ಇದೆ, ನಮ್ಮ ಜಿಲ್ಲೆ ಅದಕ್ಕೇ ಸೇರುತ್ತದೆ. ಫೋನಿನ ವಿಷಯ ಅಲ್ಲಿಯವರೆಗೆ ಹೋಗುವುದು ಅಪರೂಪ.

ಇನ್ನೊಂದು ಕಾರಣ ಇದೆ. ಬರೆಯಲು ನನಗೂ ಕಷ್ಟ. ಕೆಲವು ಸಲ ಎಲ್ಲ ಸರಿ ಇರುತ್ತದೆ. ನಂಬರ್ ಇದೆ, ಹಣ ಇದೆ, ಫೋನ್ ಇದೆ. ಅವನೇ ಮಾಡುವುದಿಲ್ಲ. ಹೊಸ ಜೈಲು, ಹೊಸ ಮುಖಗಳು, ಜಾಮೀನು ಸಿಗಲಿಲ್ಲ, ಮನೆಯವರಿಗೆ ಏನು ಹೇಳಲಿ ಎಂಬ ಸಂಕೋಚ. ‘ಫೋನ್ ಮಾಡಿದರೆ ಆಯಿ ಅಳುತ್ತಾಳೆ ಸಾರ್, ಕೇಳಕಾಗಲ್ಲ’ ಎಂದು ಒಬ್ಬ ಹುಡುಗ ನನಗೆ ಹೇಳಿದ್ದ. ಮಾತಾಡುವ ನಾಲ್ಕು ನಿಮಿಷ ತಾಯಿ ಅಳುತ್ತಿದ್ದಳು, ಆಮೇಲೆ ಎರಡು ದಿನ ಅವನಿಗೆ ನಿದ್ದೆ ಇಲ್ಲ. ಹಾಗಾಗಿ ನಿಲ್ಲಿಸಿಬಿಟ್ಟಿದ್ದ. ಇಂಥವನು ತೀರ ಮಂಕಾಗಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವನನ್ನು ವೈದ್ಯರಿಗೆ ತೋರಿಸಿ ಎಂದು ಅಧೀಕ್ಷಕರಿಗೆ ಬರೆಯಬೇಕು, ನೋಡಲು ಹೋಗುವ ವಕೀಲರಿಗೂ ಹೇಳಬೇಕು.

ಇಂಥವನಿಗೂ ತಲುಪುವುದು ಕಾಗದ. ಫೋನ್ ಸರಿಯಾಗುವವರೆಗೆ ಕಾಯದೆ, ಇವತ್ತೇ ಒಂದು ಇನ್‌ಲ್ಯಾಂಡ್ ಲೆಟರ್ ಬರೆಯಿರಿ. ಜೈಲಿನಲ್ಲಿ ಅದನ್ನು ಓದಿಯೇ ಅವನ ಕೈಗೆ ಕೊಡುತ್ತಾರೆ, ಆದ್ದರಿಂದ ಕೇಸಿನ ಮಾತು ಬೇಡ. ನಿಮ್ಮ ನಂಬರನ್ನು ದೊಡ್ಡದಾಗಿ ಬರೆಯಿರಿ. ಯಾವ ಹೊತ್ತಿನಲ್ಲಿ ಮಾಡಿದರೆ ನೀವು ಮನೆಯಲ್ಲಿ ಇರುತ್ತೀರಿ ಎಂದು ಬರೆಯಿರಿ. ಉಳಿದ ಜಾಗದಲ್ಲಿ ಮನೆಯ ಸಂಗತಿ ಬರೆಯಿರಿ. ಎಮ್ಮೆ ಕರು ಹಾಕಿತು, ಹಿತ್ತಲ ಮಾವು ಹೂ ಬಿಟ್ಟಿದೆ, ಈ ಸಲ ಬಂಗಡೆ ಚೆನ್ನಾಗಿ ಬಿತ್ತು. ಜೈಲಿನಲ್ಲಿ ಇಂಥ ಸುದ್ದಿಗೆ ಎಷ್ಟು ಬೆಲೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಮಡಚಿ ಮಡಚಿ ಸವೆದುಹೋದ ಕಾಗದವನ್ನು ಅಂಗಿಯ ಜೇಬಿನಿಂದ ತೆಗೆದು ತೋರಿಸುತ್ತಾರೆ.

ಫೋನ್ ಬರುತ್ತದೆ. ಬಂದಾಗ ಮಾಡಬಾರದ್ದು ಎರಡು. ಕಾನ್ಫರೆನ್ಸಿನಲ್ಲಿ ಇನ್ಯಾರನ್ನೂ ಸೇರಿಸಬೇಡಿ. ಹಾಗೆ ಮಾಡಿ ಸಿಕ್ಕಿದರೆ ಸೌಲಭ್ಯವೇ ಹೋಗಬಹುದು. ಸಾಕ್ಷಿಗಳ ಹೆಸರು, ಕೇಸಿನ ಒಳಗಿನ ಮಾತು ಆಡಬೇಡಿ. ಎಲ್ಲ ರೆಕಾರ್ಡ್ ಆಗುತ್ತಿರುತ್ತದೆ. ಅದನ್ನು ವಕೀಲರು ಖುದ್ದಾಗಿ ಭೇಟಿಯಾದಾಗ ಆಡಲಿ. ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಹತ್ತಿರವೇ ಅಂಟಿಸಿಡಿ: ಆರೋಗ್ಯ ಹೇಗಿದೆ, ಹಣ ಇದೆಯಾ, ಬಟ್ಟೆ ಬೇಕಾ, ಕೈದಿ ಸಂಖ್ಯೆ ಏನು, ವಾರದಲ್ಲಿ ಯಾವ ದಿನ ಫೋನ್ ಸರದಿ. ಕೊನೆಯದನ್ನು ಮರೆಯಬೇಡಿ. ಆ ದಿನ ಆ ಹೊತ್ತಿಗೆ ಫೋನ್ ಚಾರ್ಜ್ ಆಗಿ, ಸಿಗ್ನಲ್ ಇರುವ ಜಾಗದಲ್ಲಿ, ಎತ್ತುವವರ ಕೈಗೆ ಸಿಗುವ ಹಾಗೆ ಇರಬೇಕು.

ಮೊದಲ ಫೋನ್ ಮಾತ್ರ ನೇರ ಆಯಿಯ ಕೈಗೆ ಕೊಡಿ. ಚೀಟಿಯ ಪ್ರಶ್ನೆಗಳನ್ನು ಮುಂದಿನ ವಾರ ಕೇಳಿದರಾಯಿತು.